ಜರೀರ್ ಮನೆಗೆ ಬಂದ ಕಂತು

ಬೈರೂತ್, ೯ ಮಾರ್ಚ್ ೧೯೭೧, ಮಂಗಳವಾರ

ದೊಡ್ಡಮ್ಮನ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ.

ನಮ್ಮ ಪತ್ರಿಕೆಯಲ್ಲಿ ನನ್ನ ಕಾದಂಬರಿಯ ಹೊಸ ಕಂತು ಬಂದಿತ್ತು. ಓದಿ ಹೇಳಲು ಮಧ್ಯಾಹ್ನ ನಿರಾಶ್ರಿತರ ಶಿಬಿರಕ್ಕೆ ಹೋದೆ. ದೊಡ್ಡಮ್ಮ ಕಾಳು ಬಿಡಿಸುತ್ತಾ ಕೇಳುತ್ತಿದ್ದಳು. ನಲವತ್ತೆಂಟರ ಯುದ್ಧದಲ್ಲಿ ಹೈಫಾ ಬಿಟ್ಟು ಓಡಿಬಂದ ದಿನ ಬಂದರಿನ ನೂಕುನುಗ್ಗಲಲ್ಲಿ ಅವಳ ಕೈತಪ್ಪಿಹೋಗಿ ಇನ್ನೂ ಸಿಗದ ಮಗ ಜರೀರನನ್ನು ಈ ಕಂತಿನಲ್ಲಿ ಮನೆಗೆ ಕರೆತಂದಿದ್ದೆ. ಹೆಸರು ಬದಲಿಸಿದ್ದರೂ ಅವಳಿಗೆ ತಿಳಿಯಿತು.

"ಎಲ್ಲಿ ನೋಡಿದ್ಯೇ ಅವನನ್ನ? ಸೊರಗಿದಾನಾ?"

"ಕತೆ ದೊಡ್ಡಮ್ಮ, ನಾನೇ ಕಟ್ಟಿದ್ದು."

"ಅಷ್ಟೂ ಗೊತ್ತಾಗಲ್ವಾ ನಂಗೆ? ಪೇಪರಿಗೆ ಬರೀತೀನಿ ಅಂತ ನನ್ನನ್ನ ಪೆದ್ದಿ ಮಾಡ್ಬೇಡ. ಮುಂದೇನಾಗುತ್ತೆ ಹೇಳು."

ಮುಂದಿನ ಕಂತಿನಲ್ಲಿ ಅವನು ಸಾಯುತ್ತಾನೆ. ಬರೆದು ಮುಗಿಸಿದ್ದೇನೆ, ನಾಳೆ ಅಚ್ಚಿಗೆ ಕೊಡಬೇಕು. ಆದರೂ ಅವಳಿಗೆ ಇನ್ನೂ ಬರೆದಿಲ್ಲ ಎಂದೆ.

"ಹಾಗಾದ್ರೆ ಮೊದಲು ಅವನಿಗೆ ಊಟ ಹಾಕು. ಅಷ್ಟು ದೂರದಿಂದ ಬಂದೋನನ್ನ ಬಾಗಿಲಲ್ಲೇ ನಿಲ್ಸಿದೀಯಲ್ಲೇ!"

ಬರೆದದ್ದನ್ನು ಪಕ್ಕಕ್ಕಿಟ್ಟಿದ್ದೇನೆ. ಸಂಪಾದಕರು ಬೈದರೆ ಬೈಯಲಿ. ಈಗ ಹೊಸ ಹಾಳೆಯಲ್ಲಿ ಅವನು ಕೈ ತೊಳೆದು ಕೂತಿದ್ದಾನೆ, ತಾಯಿ ರೊಟ್ಟಿ ಮುರಿದು ಕೊಡುತ್ತಿದ್ದಾಳೆ. ಈ ಊಟ ಮುಗಿಯದ ಹಾಗೆ ಇನ್ನೆಷ್ಟು ಹೊತ್ತು ಬರೆಯಲಿ? ನಿದ್ದೆಗೆ ಕಣ್ಣು ಎಳೆಯುತ್ತಿದೆ, ಅವನಿಗೆ ಇನ್ನೊಂದು ತುತ್ತು