ಮಾತೂಶನ ಮೇಲೇಳುವ ಚೆಂಡು

ಜೂನ್ 7, 1937. ಸೋಮವಾರ ಸಂಜೆ

ರೇಷ್ಮೆ ಗಿರಣಿಯಿಂದ ಬಂದವಳೇ ಒಣಗಿದ ಬಟ್ಟೆ ಮಡಚಿದೆ. ಹಿತ್ತಲಲ್ಲಿ ಅಣ್ಣ ಮಾತೂಶ್ ಬೇಸ್‌ಬಾಲ್ ಎಸೆಯುತ್ತಿದ್ದ, ಅಪ್ಪ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದ. ಶನಿವಾರ ಸ್ಕ್ರ್ಯಾಂಟನ್ ಪಟ್ಟಣದಲ್ಲಿ ಆಟಗಾರರ ಆಯ್ಕೆ. ಗೆದ್ದರೆ ಸಂಬಳದ ತಂಡ. ಇಲ್ಲದಿದ್ದರೆ ಕಲ್ಲಿದ್ದಲ ಗಣಿ, ಅಪ್ಪನ ಕೆಮ್ಮು.

"ನೋಡಿದ್ಯೇನೇ? ಬ್ಯಾಟ್ ಹತ್ರ ಬಂದು ಹೇಗೆ ಮೇಲೆದ್ದಿತು," ಅಂದ ಅಪ್ಪ.

"ಏಳಲ್ಲ. ಭೂಮಿ ಎಳೆಯೋಕೆ ನಿಂತ್ರೆ ಗಣಿ ಒಡೆಯನೂ ಒಂದೇ, ನಿನ್ನ ಮಗನ ಚೆಂಡೂ ಒಂದೇ," ಅಂದೆ ನಾನು.

"ಬಂದ್ಲಪ್ಪ ಕರಪತ್ರದ ಪಾದ್ರಿ," ಅಂದ ಮಾತೂಶ್. "ಪ್ರವಚನ ಎಷ್ಟು ಹೊತ್ತು?" ಗಿರಣಿಯಲ್ಲಿ ಸಂಘದ ಕರಪತ್ರ ಹಂಚುವ ನನಗೆ ಅವನಿಟ್ಟ ಹೆಸರು ಅದು.

ನಗಲಿ. ಅಳೆಯದೆ ಏನನ್ನೂ ನಂಬಬಾರದು. ಕಂಡದ್ದನ್ನೂ.

ಜೂನ್ 8

ಅಳೆದೆವು. ಬಟ್ಟೆ ಹಗ್ಗಗಳಿಗೆ ಗಿರಣಿಯ ತೆಳುಕಾಗದ ತೂಗುಹಾಕಿದೆ, ಒಂದರ ಹಿಂದೆ ಒಂದು. ಚೆಂಡು ಎಲ್ಲವನ್ನೂ ಹರಿದು ಹೋಯಿತು. ಪ್ರತಿ ತೂತೂ ಹಿಂದಿನದಕ್ಕಿಂತ ತಗ್ಗಿನಲ್ಲಿ.

ಗೆದ್ದೆ. ಮಾತೂಶ್ ತೂತುಗಳನ್ನು ಬೆರಳಿಂದ ಮುಟ್ಟಿ ನೋಡಿದ. ತಮಾಷೆ ಮಾಡಲಿಲ್ಲ. ರಾತ್ರಿ ಅವನಿಗಿಷ್ಟದ ಹಲುಷ್ಕಿ ಕಡುಬು ಇದ್ದರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಜೂನ್ 10

ನಿಜವಾಗಿಯೇ ಏಳಿಸುತ್ತೇನೆಂದು ತೋಳು ತಿರುಚಿ ಎಸೆಯುತ್ತಿದ್ದಾನೆ. ಚೆಂಡು ಬೇಲಿ ದಾಟಿ ಪಕ್ಕದವರ ಕೋಸಿನ ಪಾತಿಗೆ ಬೀಳುತ್ತಿದೆ. ಅಮ್ಮ ಅವನ ಹೆಗಲಿಗೆ ಬಾತುಕೋಳಿಯ ಕೊಬ್ಬು ತಿಕ್ಕುತ್ತಾ ಕೇಳಿದಳು: "ಚೆನ್ನಾಗಿದ್ದ ಹುಡುಗನಿಗೆ ಏನು ಹೇಳಿಕೊಟ್ಟೆಯೇ?"

ಸತ್ಯ ಮನುಷ್ಯನನ್ನು ಬಿಡಿಸಬೇಕು. ಇದು ನನ್ನ ಅಣ್ಣನ ತೋಳು ಕಟ್ಟಿಹಾಕಿದೆ... ಎಲ್ಲಿ ತಪ್ಪಿದೆ?

ಜೂನ್ 11, ಸಂಜೆ

ಅಪ್ಪ ಪಾಳಿಗೆ ಹೋಗಿದ್ದ. ಅವನ ದಪ್ಪ ಕೈಗವಸು, ಮುಖದ ಜಾಲರಿ ಹಾಕಿಕೊಂಡು ನಾನೇ ಕೂತೆ. ಮೊದಲು ಪಕ್ಕದ ಮನೆಯ ಯುರಾಯ್ ಎಸೆದ. ಅವನೂ ಊರ ತಂಡದವನೇ. ಕೆಲವು ನನ್ನ ಕೈ ತಪ್ಪಿದವು, ಆಮೇಲೆ ಚೆಂಡು ಎಷ್ಟು ಇಳಿಯುತ್ತದೆಂಬ ಅಂದಾಜು ಸಿಕ್ಕಿತು.

"ಈಗ ನೀನು," ಅಂದೆ ಮಾತೂಶ್‌ಗೆ. "ಹಳೇ ಥರಾನೇ ಎಸಿ."

ಬರುವ ಜಾಗಕ್ಕೆ ಸರಿಯಾಗಿ ಕೈ ಒಡ್ಡಿದ್ದೆ. ಚೆಂಡು ಗವಸಿನ ಮೇಲಿಂದ ಬಂದು ಜಾಲರಿಗೆ ಬಡಿಯಿತು. ಕಂಡೆ — ಎದ್ದಿತು. ಎದ್ದಿಲ್ಲ, ಗೊತ್ತು. ಬೇರೆಯವರ ಚೆಂಡಿನಷ್ಟು ಇಳಿಯುವುದಿಲ್ಲ, ಅಷ್ಟೇ. ಇಳಿದೀತೆಂದು ಕಾದ ಕಣ್ಣಿಗೆ ಅದೇ ಏಳುವುದು. ಕಾಗದಕ್ಕೆ ಕಣ್ಣಿಲ್ಲ. ಬ್ಯಾಟು ಹಿಡಿದವನಿಗೆ ಇದೆ.

ಮಾತೂಶ್ ಓಡಿ ಬಂದು ಜಾಲರಿ ಎತ್ತಿದ. "ಜೋಫ್ಕಾ, ಪೆಟ್ಟಾಯ್ತಾ? ಹಲ್ಲು ತೋರಿಸು."

ಜೂನ್ 12, ಬೆಳಿಗ್ಗೆ

ಮಾತೂಶ್ ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೇಳಿದ. "ಸುಳ್ಳು ಬೇಡ. ಏಳುತ್ತಾ?"

"ಇಳಿಯುತ್ತೆ. ಆದ್ರೆ ಬ್ಯಾಟು ಹಿಡಿದವರು ಕಾಯೋ ಜಾಗಕ್ಕಲ್ಲ. ಅವರು ಅದರ ಕೆಳಗೆ ಬೀಸ್ತಾರೆ. ನೀನು ತೋಳು ತಿರುಚಬೇಡ."

ನನ್ನ ತಲೆ ಸವರಿ ಒಳಗೆ ಹೋದ.

ಸಂಜೆ

ಅಪ್ಪನೂ ನಾನೂ ಹೊರಗಿನ ಮೆಟ್ಟಿಲ ಮೇಲೆ. ಸುಮ್ಮನೆ ಇದನ್ನು ಗೀಚುತ್ತಿದ್ದೇನೆ.

ಬಸ್ಸು ಬಂತು. ಮಾತೂಶ್ ಇಳಿದ. ಅಲ್ಲಿಂದಲೇ ಏನೋ ತೋರಿಸುತ್ತಿದ್ದಾನೆ — ಒಂದು ಕೈ ಸೊಂಟದ ಹತ್ತಿರ, ಎದುರಿನವರು ಬ್ಯಾಟು ಬೀಸಿದಂತೆ. ಇನ್ನೊಂದು ಎದೆಯ ಮಟ್ಟಕ್ಕೆ, ತನ್ನ ಚೆಂಡು ಅದರ ಮೇಲೆ ಹಾದುಹೋದಂತೆ. ಮತ್ತೆ. ಮತ್ತೆ. ಅಪ್ಪ ಎದ್ದು ಓಡುತ್ತಿದ್ದಾನೆ, ಆ ಕೆಮ್ಮಿನಲ್ಲೂ, ನಾನೂ ಪೆನ್ಸಿಲ್ ಬಿಸಾಡಿ—