ತೊಟ್ಟಿಲಿಗೆ ಹಚ್ಚಿದ ಮದ್ದು

ಬಂಟ್ವಾಳ
೧೮-೭-೧೯೯೪, ರಾತ್ರಿ

ಪ್ರೀತಿಯ ಉನೈಸ್‌ರಿಗೆ ಮಾಜಿದಾಳ ಸಲಾಂ.

ಹನ್ನೊಂದು ಗಂಟೆಗೆ ತೊಟ್ಟಿಲ ಸರಪಳಿಯ ಕಿರುಗುಟ್ಟುವ ಸದ್ದಿಗೆ ಎಚ್ಚರವಾಯಿತು. ಮಗ್ಗುಲಲ್ಲಿ ಬಾಸಿತ್ ಇರಲಿಲ್ಲ. ನನಗೆ ಕಣ್ಣು ಹತ್ತುವುದನ್ನೇ ಕಾದು ನಿಮ್ಮ ಉಮ್ಮ ಮಗುವನ್ನು ಮತ್ತೆ ಅದೇ ತೊಟ್ಟಿಲಲ್ಲಿ ಹಾಕಿ ತೂಗುತ್ತಿದ್ದರು. ನಿಮ್ಮ ಎರಡು ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಎಲ್ಲರೂ ಸೌಖ್ಯ ಎಂದು ಬರೆಯಲು ಕೈ ಬರಲಿಲ್ಲ.

ಬಾಸಿತ್ ಹಗಲೂ ರಾತ್ರಿ ಬೆವರುತ್ತಾನೆ. ಬಾಟಲಿ ಖಾಲಿ ಮಾಡಿ ಮತ್ತೆ ಹಾಲಿಗೆ ಅಳುತ್ತಾನೆ, ಆದರೂ ತೂಕ ಇಳಿಯುತ್ತಿದೆ. ಮೈ ಕೆಂಡ, ಉಸಿರು ಓಡಿ ಬಂದವರ ಹಾಗೆ. ಜ್ವರದ ಔಷಧಿ ತಾಗುವುದೇ ಇಲ್ಲ. ಇಲ್ಲಿಯ ಡಾಕ್ಟರು ಉಷ್ಣ ಎಂದರು, ಉಮ್ಮ ದೃಷ್ಟಿ ಎಂದರು.

ಇವತ್ತು ನಮ್ಮ ಮರದ ಮಿಲ್ಲಿನ ಶೆಡ್ಡಿಗೆ ಹೋಗಿದ್ದೆ. ಹಲಗೆಗೆ ಬೂಷ್ಟು ಹಿಡಿಯದ ಹಾಗೆ ಅದ್ದಿ ತೆಗೆಯುತ್ತಾರಲ್ಲ, ಆ ಮದ್ದಿನ ಡ್ರಮ್ಮು ನೋಡಿದೆ. ಪೆಂಟಾಕ್ಲೋರೋಫೀನಾಲ್. ಅಟ್ಟದಿಂದ ಇಳಿಸಿದ ತೊಟ್ಟಿಲಿಗೂ ನಿಮ್ಮ ಉಪ್ಪ ಅದನ್ನೇ ಹಚ್ಚಿಸಿದ್ದು. ಮೂಡಬಿದ್ರೆಯ ಕಾಲೇಜಿನಲ್ಲಿ ಶಶಿಪ್ರಭಾ ಮೇಡಂ ಇದರ ಪಾಠ ಮಾಡಿದ್ದರು. ಈ ಮದ್ದು ತಾಗಿದ ಬೂಷ್ಟು ತಿನ್ನುವುದನ್ನು ನಿಲ್ಲಿಸುವುದಿಲ್ಲ, ಮೊದಲಿಗಿಂತ ಹೆಚ್ಚು ಉಸಿರಾಡುತ್ತದೆ. ಆದರೆ ತಿಂದದ್ದೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ, ಜೀವಕೋಶಕ್ಕೆ ಬೇಕಾದ ಶಕ್ತಿ ಹುಟ್ಟುವುದಿಲ್ಲ. "ಒಲೆ ಉರಿಯುತ್ತದೆ, ಅನ್ನ ಬೇಯುವುದಿಲ್ಲ. ಗೊತ್ತಾಯ್ತಾ?" ಎಂದು ಅವರು ಕೇಳಿದಾಗ ನಾವೆಲ್ಲ ನಕ್ಕಿದ್ದೆವು. "ಬೂಷ್ಟಿಗೆ ಮಾತ್ರ ಅಲ್ಲ, ಮನುಷ್ಯರಿಗೂ ಹೀಗೆಯೇ" ಎಂದೂ ಹೇಳಿದ್ದರು.

ಈಗಲೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ಎಂದು ಉಪ್ಪನನ್ನು ಕೇಳಿಕೊಂಡೆ. "ಮಹಮ್ಮದ್ ಕುಂಞಿಯ ಮಿಲ್ಲಿನ ಮದ್ದು ಅವನ ಮೊಮ್ಮಗನಿಗೇ ವಿಷ ಆಯ್ತು ಅಂತ ಊರಿಡೀ ಹೇಳಬೇಕಾ ನಿನಗೆ? ಉನೈಸ್ ಹೇಳಲಿ, ಜೀಪು ತೆಗೀತೇನೆ. ನಿನ್ನ ಮಾತಿಗಲ್ಲ" ಎಂದರು. ಉಮ್ಮ ನಕ್ಕರು: "ಬಿ.ಎಸ್ಸಿ. ಕಲಿತವಳಿಗೆ ತೊಟ್ಟಿಲೂ ವಿಷ ಮಾರಾಯ್ರೆ! ಉನೈಸ್ ಇದರಲ್ಲೇ ಮಲಗಿ ಬೆಳೆದದ್ದಲ್ವಾ?"

ನೀವು ಅದರಲ್ಲಿ ಮಲಗುತ್ತಿದ್ದಾಗ ಈ ಮಿಲ್ಲೇ ಇರಲಿಲ್ಲ.

ಬಾಸಿತ್‌ನನ್ನು ಎತ್ತಿಕೊಂಡಿದ್ದೇನೆ, ಇನ್ನು ಯಾರ ಕೈಗೂ ಕೊಡುವುದಿಲ್ಲ. ಗೇಟಿನ ಬೀಗದ ಕೈ ಉಪ್ಪನ ಹತ್ತಿರ ಉಂಟು. ಮನೆಯ ಫೋನಿನಿಂದ ಹೊರದೇಶಕ್ಕೆ ಮಾಡಲಾಗುವುದಿಲ್ಲ, ಬರುವುದು ಮಾತ್ರ ಬರುತ್ತದೆ. ಪಕ್ಕದ ಮನೆಯ ಬಾವಾ ಕಾಂಪೌಂಡಿನ ಆಚೆ ಕಾಯುತ್ತಿದ್ದಾರೆ. ಬಿ.ಸಿ.ರೋಡಿನ ತಮ್ಮ ಫೋನ್ ಬೂತಿನಿಂದ ಇದನ್ನು ನಿಮ್ಮ ಹೋಟೆಲಿಗೆ ಫ್ಯಾಕ್ಸ್ ಮಾಡುತ್ತಾರಂತೆ. ಇವತ್ತು ನಿಮಗೆ ರಾತ್ರಿ ಪಾಳಿಯೇ ಇರಲಿ ಎಂದು ಬೇಡುತ್ತಿದ್ದೇನೆ. ಅಲ್ಲಾಹು ನಿಮ್ಮನ್ನು ಕಾಯಲಿ.

ನಿಮ್ಮ
ಮಾಜಿದಾ

ತಾ.ಕ.: ನಮ್ಮ ಚೊಚ್ಚಲು ಸಬೀಹಾ ಹುಟ್ಟುವ ಮೊದಲೂ ತೊಟ್ಟಿಲಿಗೆ ಇದೇ ಮದ್ದು ಹಚ್ಚಿದ್ದರು. ಅವಳೂ ಹೀಗೆಯೇ ಬೆವರಿ ಬೆವರಿ ಹೋದಳು. ನನ್ನ ಎದೆಹಾಲು ಕೆಟ್ಟದ್ದು ಎಂದು ಇವರು ಹೇಳಿದರು. "ಇನ್ನೊಂದಕ್ಕಾದರೂ ಡಬ್ಬದ ಹಾಲು ಕೊಡು" ಎಂದು ಬರೆದವರು ನೀವು. ಕೊಟ್ಟೆ. ನನ್ನದನ್ನು ಬಚ್ಚಲಲ್ಲಿ ಹಿಂಡಿ ಚೆಲ್ಲಿದೆ. ಬಾಸಿತ್ ಅದರ ಒಂದು ಹನಿಯನ್ನೂ ಕುಡಿದವನಲ್ಲ. ಆದರೂ ಬೆವರುತ್ತಿದ್ದಾನೆ ಉನೈಸ್. ನನ್ನ ಹತ್ತಿರ ಮಾತಾಡುವುದು ಬೇಡ, ಉಪ್ಪನ ಹತ್ತಿರ ಮಾತಾಡಿ. ನನ್ನನ್ನು ನಂಬದಿದ್ದರೂ ಅಡ್ಡಿಯಿಲ್ಲ, ಬೆಳಗಾಗುವ ಮೊದಲು ಫೋನ್ ಮಾಡಿ.