ಗುಂಡ ಉಂಡ ಮೇಲೆ

ಕಮಲಾಪುರ,
ಫೆಬ್ರವರಿ 25, 2026, ಬುಧವಾರ

ಈಶ್ವರಾ, ನಿನಗೆ ನಿನ್ನ ಅವ್ವನ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯುವುದು ನನಗೆ ಒಂದಿಷ್ಟೂ ಇಷ್ಟವಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಂಘದಲ್ಲಿ ಸಹಿ ಹಾಕುವುದು ಬಿಟ್ಟರೆ ಪೆನ್ನು ಹಿಡಿದು ಎಷ್ಟು ಕಾಲವಾಯಿತೋ. ಬೆಳಿಗ್ಗೆಯಿಂದ ಕೂತಿದ್ದೇನೆ, ಹೆಬ್ಬೆರಳು ಸೆಟೆದುಕೊಂಡಿದೆ, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿದೆ. ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ನೀನು ನಗುತ್ತೀಯ, ನಗು. ಭಾನುವಾರ ನೀನು ಫೋನ್ ಮಾಡಿದರೆ ಅದು ಇರುವುದು ನಿನ್ನ ಹೆಂಡತಿ ಹೇಮಾವತಿಯ ಕೈಯಲ್ಲಿ. ನನಗೆ ಕೊಟ್ಟರೂ ಪಕ್ಕದಲ್ಲೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿರುತ್ತಾಳೆ. ಪಕ್ಕದ ಮನೆ ಎರ್ರೆಮ್ಮನ ಫೋನಿನಿಂದ ನೀನಿರುವ ಗಿನಿ ದೇಶಕ್ಕೆ ಕರೆ ಹೋಗುವುದಿಲ್ಲವಂತೆ, ಅಲ್ಲಿಂದ ಬಂದರೆ ಬರುತ್ತದಂತೆ. ಯಶವಂತನಗರದ ದುರುಗೇಶ್ ರಜೆ ಮುಗಿಸಿ ನಾಳೆ ನಿಮ್ಮ ಗಣಿಗೇ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹೇಮಾವತಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ.

ನಿನ್ನ ಆರೋಗ್ಯ ಹೇಗಿದೆ? ಕಾಗದದಲ್ಲಿ ಎಲ್ಲರೂ ಕೇಳುತ್ತಾರೆಂದು ಕೇಳುತ್ತಿಲ್ಲ. ಹೊಟ್ಟೆಗೆ ಏನು ಬೀಳುತ್ತಿದೆ, ಎಷ್ಟು ಬೀಳುತ್ತಿದೆ, ಅದನ್ನು ಕೇಳುತ್ತಿದ್ದೇನೆ. ಫೋನಿನಲ್ಲಿ ನೀನು ಹೇಳುವ 'ಆರಾಮದೀನಿ ಬೇ' ನನಗೆ ಬೇಡ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಬಾಳೆಗೊನೆ ಕಡಿಸಿ ಕಳಿಸಿದೆ. ಬಿಸಿಲು ಆಗಲೇ ಸುರುವಾಗಿದೆ. ನನ್ನ ಸುದ್ದಿ ಇಷ್ಟೇ. ಇನ್ನು ಉಳಿದದ್ದು ನಿನ್ನ ಹಾವಿನ ಸುದ್ದಿ.

ಆ ಹೆಬ್ಬಾವನ್ನು ನೀನು ಮನೆಗೆ ತಂದ ದಿನ ನಾನು ಎಷ್ಟು ಕುಣಿದಾಡಿದ್ದೆ ನೆನಪು ಮಾಡಿಕೋ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇಲಿ ತಿನ್ನುವ ಪ್ರಾಣಿ ಸಾಕುತ್ತೀಯೇನೋ ಎಂದು ಕೇಳಿದ್ದಕ್ಕೆ, 'ಇದು ದೊಡ್ಡದಾಗೂದಿಲ್ಲ ಬೇ, ಕಚ್ಚೂದಿಲ್ಲ, ಅಂಜಿದ್ರ ತಲಿ ಒಳಗ ಇಟ್ಕೊಂಡು ಚೆಂಡಿನಂಗ ಸುತ್ಕೊಂಡು ಕುಂದ್ರತೈತಿ, ಅಷ್ಟ' ಎಂದೆ. ಸರಕಾರಕ್ಕೆ ತಿಳಿಸಿದ ಕಾಗದ ತೋರಿಸಿದೆ. ಗುಂಡ ಎಂದು ಹೆಸರಿಟ್ಟೆ. ಸತ್ತ ಇಲಿಗಳನ್ನು ಮಂಜುಗಡ್ಡೆ ಮಾಡಿಡಲು ಪಡಸಾಲೆಯಲ್ಲಿ ಬೇರೆ ಸಣ್ಣ ಫ್ರಿಜ್ ಇಟ್ಟೆ. ನನ್ನ ಬೆಣ್ಣೆಯ ಪಕ್ಕ ಅವು ಬರದಿದ್ದರೆ ಸಾಕೆಂದು ನಾನೂ ಸುಮ್ಮನಾದೆ. ಸುಳ್ಳು ಯಾಕೆ ಹೇಳಲಿ, ಪ್ರಾಣಿ ಬಡಪಾಯಿಯೇ. ಬುಸ್ ಎನ್ನಲಿಲ್ಲ, ಬಾಯಿ ತೆರೆಯಲಿಲ್ಲ. ಹಗಲೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ನೀನಿಟ್ಟ ಒಡೆದ ಮಡಕೆಯೊಳಗೆ ಮಲಗುವುದು, ಸಂಜೆ ಮೂಗು ಹೊರಗಿಟ್ಟು ನಾಲಿಗೆ ಆಡಿಸುವುದು. ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಇಲಿ. ಅದನ್ನು ಬಿಸಿನೀರಲ್ಲಿ ಕಾಯಿಸಿ ಇಕ್ಕಳದಲ್ಲಿ ಹಿಡಿದು ಕೊಡುವುದನ್ನು ನೀನು ಹೇಮಾಳಿಗೆ ಕಲಿಸಿದೆ. ಉಂಡ ಮೇಲೆ ಎರಡು ದಿನ ಮುಟ್ಟಬಾರದು ಎಂದೂ ಹೇಳಿದ್ದೆ. ಇಷ್ಟೆಲ್ಲ ಕಲಿಸಿದವನು ಕೊನೆಗೆ ಒಂದು ಹುಚ್ಚು ಮಾತು ಆಡಿ ಹೋದೆ.

ಹೊರಡುವ ದಿನ ಬಾಗಿಲಲ್ಲಿ ಅವಳು ಅಳುತ್ತಿದ್ದಳು. ನೀನು ಗಾಜಿನ ಪೆಟ್ಟಿಗೆಯನ್ನು ತಟ್ಟಿ, 'ನಾ ಇಲ್ಲ ಅಂತ ತಿಳ್ಕಾಬ್ಯಾಡ, ಗುಂಡ ಅದಾನ. ಅವ ಉಂಡ್ರ ನಾ ಉಂಡಂಗ' ಎಂದು ನಕ್ಕೆ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ನಾನು ನೋಡಿದೆ, ಅವಳು ತಲೆ ಅಲ್ಲಾಡಿಸಿದಳು, ಬ್ಯಾಂಕಿನವರು ಏನೋ ಹೇಳಿದರೆ ನಾವು ಅಲ್ಲಾಡಿಸುತ್ತೇವಲ್ಲ ಹಾಗೆ.

ಅವಳ ತವರು ಕಂಪ್ಲಿಯಲ್ಲಿ ಇವತ್ತಿಗೂ ಗಂಡ ಉಣ್ಣದೆ ಹೆಂಡತಿ ಉಣ್ಣುವುದಿಲ್ಲ. ಅವಳ ತಾಯಿ ಹಾಗೆ, ಅಜ್ಜಿ ಹಾಗೆ. ನಿನ್ನಪ್ಪ ಗದ್ದೆಯಿಂದ ಬರುವುದರೊಳಗೆ ನಾನು ಉಂಡು ಕೈ ತೊಳೆದಿರುತ್ತಿದ್ದೆ. ನನಗೆ ಆ ಸೋಗೆಲ್ಲ ಆಗದು. ಆದರೆ ಅವಳು ಬೆಳೆದ ರೀತಿ ಅದು. ನೀನು ಇಲ್ಲಿದ್ದಾಗ ರಾತ್ರಿಪಾಳಿ ಮುಗಿಸಿ ಎಷ್ಟು ತಡವಾಗಿ ಬಂದರೂ ಅವಳು ಕಾಯುತ್ತಿರಲಿಲ್ಲವೇ? ನೀನು ಹೋದ ಮೇಲೆ ಗುಂಡ ಸರಿಯಾಗಿ ತಿನ್ನುತ್ತಿದ್ದ, ಅವಳೂ ಸರಿಯಾಗಿ ಉಣ್ಣುತ್ತಿದ್ದಳು. ನನಗೆ ಏನೂ ಗೊತ್ತಾಗಲಿಲ್ಲ.

ದೀಪಾವಳಿ ಆದ ಮೇಲಿನ ಭಾನುವಾರ ನೀನು ಫೋನ್ ಮಾಡಿ ಜ್ವರ ಬಂದಿದೆ, ಬಾಯಿಗೆ ಏನೂ ಸೇರುತ್ತಿಲ್ಲ ಎಂದೆಯಲ್ಲ. ಅವತ್ತೇ ಸಂಜೆ ಗುಂಡನಿಗೆ ಇಲಿ ಕೊಟ್ಟರೆ ಅವನು ಮುಖ ತಿರುಗಿಸಿ ಮಡಕೆಯೊಳಗೆ ಹೋದ. ಅವಳು ಇಕ್ಕಳ ಕೆಳಗಿಟ್ಟಳು. ಆಮೇಲೆ ಎದ್ದು ತನ್ನ ತಾಟನ್ನು ಬೋರಲು ಹಾಕಿದಳು. ಅವತ್ತಿನಿಂದ ಗುಂಡ ತಿಂದಿಲ್ಲ. ಅವಳು ಮೊದಲು ಒಪ್ಪತ್ತು ಮಾಡಿದಳು. ಸೋಮವಾರದ ಒಪ್ಪತ್ತು ಇರಬೇಕು ಎಂದುಕೊಂಡೆ, ನೋಡಿದರೆ ಎಲ್ಲ ವಾರವೂ ಸೋಮವಾರವೇ. ಸಂಕ್ರಾಂತಿ ದಾಟಿದ ಮೇಲೆ ಒಂದು ಲೋಟ ಮಜ್ಜಿಗೆ, ಅರ್ಧ ಬಾಳೆಹಣ್ಣು. ಬೈದೆ, ಕಣ್ಣೀರು ಹಾಕಿದೆ, ಕೈ ಹಿಡಿದು ತುತ್ತು ಮಾಡಿ ಬಾಯಿಗೆ ಇಟ್ಟೆ. ತುತ್ತು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡುತ್ತ ಕೂತಳು, ನಾನು ಆಚೆ ಹೋದ ಮೇಲೆ ಉಗಿದಳು. 'ಅವ್ರು ಉಣ್ಣದ ನಾ ಹ್ಯಾಂಗ ಉಣ್ಲಿ ಅತ್ತೆವ್ರ?' ಇಷ್ಟೇ ಮಾತು. ಸಿಟ್ಟಿಲ್ಲ, ಅಳುವಿಲ್ಲ.

ಹೊಸಪೇಟೆಯ ದನದ ಡಾಕ್ಟರರನ್ನು ಕರೆಸಿದೆ, ನಿನಗೆ ಗೊತ್ತಿರುವವರೇ, ಹಾವಿನ ಹುಚ್ಚು ಇರುವವರು. ಅವರು ಗುಂಡನನ್ನು ಎತ್ತಿ ಬಾಯಿ ನೋಡಿದರು, ಹೊಟ್ಟೆ ಸವರಿದರು. 'ಏನೂ ಆಗಿಲ್ಲವ್ವಾ. ಗಂಡು ಹಾವು ಚಳಿಗಾಲದಾಗ ಹಿಂಗ ಮಾಡ್ತೈತಿ. ಆರು ತಿಂಗಳು ಉಣ್ಲಿಲ್ಲಂದ್ರೂ ಗಟ್ಟಿ ಇರ್ತೈತಿ' ಎಂದರು. ಆಮೇಲೆ ಹೇಮಾಳನ್ನು ನೋಡಿದರು. ಹೋಗುವಾಗ ಗೇಟಿನ ಹತ್ತಿರ ನಿಂತು, 'ನಿಮ್ಮ ಸೊಸಿ ಆರು ತಿಂಗಳು ಇರಂಗಿಲ್ಲ, ದವಾಖಾನಿಗೆ ತೋರಸ್ರಿ' ಎಂದರು. ತೋರಿಸಿದೆ. ಎರಡು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬಂದು ಮತ್ತೆ ಪೆಟ್ಟಿಗೆಯ ಮುಂದೆ ಕೂತಳು. ಆ ಡಾಕ್ಟರರೇ ಇನ್ನೊಂದು ಮಾತು ಹೇಳಿದರು. ಈ ಜಾತಿಯ ಹಾವಿನ ಮೂಲ ಊರು ಗಿನಿ ಕಡೆಯದೇ ಅಂತೆ. ನೀನು ಎಲ್ಲಿಗೆ ಹೋದೆಯೋ ಅಲ್ಲಿಂದ ಅದರ ಕುಲ ಬಂದದ್ದು. ಈ ಮಾತು ಹೇಮಾಳ ಕಿವಿಗೆ ಬೀಳಬಾರದಿತ್ತು. ಬಿತ್ತು. 'ಅದಕ್ಕ ಮತ್ತ' ಎಂದಳು, ಬಹಳ ದಿನದಿಂದ ಗೊತ್ತಿದ್ದ ಸುದ್ದಿಯ ಹಾಗೆ.

ಪೆಟ್ಟಿಗೆಯನ್ನು ಡಾಕ್ಟರರ ಮನೆಗೆ ಸಾಗಿಸಿಬಿಡಬೇಕು ಎಂದಿದ್ದೆ. ಆಟೋ ಬಾಗಿಲಿಗೆ ಬಂದು ನಿಂತಿತ್ತು. ಅವಳು ಅಡ್ಡ ಬರಲಿಲ್ಲ, ಕೂಗಲಿಲ್ಲ. 'ಪೆಟಿಗಿ ಹೊಸ್ತಿಲ ದಾಟಿದ್ರ ಅವ್ರು ಹೊಳ್ಳಿ ಬರಂಗಿಲ್ರಿ' ಎಂದು ಒಳಗೆ ಹೋಗಿ ಮಲಗಿದಳು. ಆಟೋದವನಿಗೆ ಬಾಯಿಗೆ ಬಂದ ಹಾಗೆ ಬೈದು ಕಳಿಸಿದೆ. ಅವನ ತಪ್ಪೇನಿತ್ತು, ಪಾಪ.

ಈಗ ಅವಳು ಹೇಗಿದ್ದಾಳೆ ಕೇಳು. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಮಂಚದ ಕೆಳಗಿನ ನೆಲದ ಮೇಲೆ ಮಲಗುತ್ತಾಳೆ. ಕರೆದರೆ ಮೊದಲು ತಲೆ ಹೊರಗೆ ಬರುತ್ತದೆ, ಆಮೇಲೆ ಮೈ. ಕೈ ಮುಟ್ಟಿದರೆ ನೀರಿನ ಕೊಡದ ಹಾಗೆ ತಣ್ಣಗೆ. ಗುಂಡನಿಗೆ ನಮ್ಮ ಕಣ್ಣು ಮೂಗು ಕಾಣುವುದಕ್ಕಿಂತ ಮೈಯ ಬಿಸಿ ಕಾಣುತ್ತದೆ ಎಂದು ನೀನೇ ಹೇಳಿದ್ದೆ. ಮೊದಲು ಅವಳು ಪಡಸಾಲೆಗೆ ಕಾಲಿಟ್ಟರೆ ಸಾಕು, ಅದು ಅವಳ ಕಡೆ ತಲೆ ತಿರುಗಿಸುತ್ತಿತ್ತು. ಈಗ ನಾನು ಬಂದರೆ ತಿರುಗಿಸುತ್ತದೆ, ಎರ್ರೆಮ್ಮ ಬಂದರೆ ತಿರುಗಿಸುತ್ತದೆ. ಹೇಮಾ ಗಾಜಿಗೆ ಹಣೆ ಹಚ್ಚಿ ಕೂತರೂ ತಿರುಗುವುದಿಲ್ಲ. ಅಲ್ಲಿ ಯಾರೂ ಇಲ್ಲ ಎನ್ನುವ ಹಾಗೆ ಅವಳನ್ನು ದಾಟಿ ಗೋಡೆ ನೋಡುತ್ತದೆ.

ಹೋದ ವಾರ ದುರುಗೇಶ್ ನೀನು ಕೊಟ್ಟ ಬಟ್ಟೆ ತಂದುಕೊಟ್ಟ. ಒಳಗೆ ನಗುನಗುತ್ತ ಮಾತಾಡಿದವನು ಗೇಟಿನ ಹತ್ತಿರ ನಿಂತು ದನಿ ತಗ್ಗಿಸಿದ. 'ದೊಡ್ಡವ್ವ, ನಾ ಹೇಳೀನಿ ಅನ್ನಬ್ಯಾಡ್ರಿ. ಈಶ್ವರಣ್ಣ ಆ ಜ್ವರ ಬಂದು ಹೋದ ಮ್ಯಾಗ ಮೆಸ್ಸಿಗೆ ಸರಿಯಾಗಿ ಬರವಲ್ಲ. ಡ್ಯೂಟಿ ಮುಗೀತಂದ್ರ ಲೈಟ್ ಆರಿಸಿ, ಮೊಣಕಾಲಾಗ ತಲಿ ಇಟ್ಕೊಂಡು ಗುಂಡಗ ಮಲಗಿಬಿಡ್ತಾನ. ಕರದ್ರ ಹಸಿವಿಲ್ಲ ಅಂತಾನ' ಎಂದ. ನಾನು ಅವನಿಗೂ ಬೈದೆ. ಅವನು ಹೋದ ಮೇಲೆ ಗೇಟು ಹಿಡಿದುಕೊಂಡು ನಿಂತೆ. ಒಳಗೆ ಒಂದು ಸುತ್ತಿಕೊಂಡು ಮಲಗಿದೆ, ಮಂಚದ ಕೆಳಗೆ ಒಬ್ಬಳು ಸುತ್ತಿಕೊಂಡು ಮಲಗಿದ್ದಾಳೆ, ಸಮುದ್ರದ ಆಚೆ ನೀನು. ನಾನೊಬ್ಬಳೇ ಈ ಮನೆಯಲ್ಲಿ ನೆಟ್ಟಗೆ ನಿಂತವಳು.

ನಿನ್ನೆ ಮಧ್ಯಾಹ್ನ ನಾನೇ ಗುಂಡನಿಗೆ ಉಣ್ಣಿಸಿದೆ. ಹೌದು, ನಾನೇ. ಈ ವಯಸ್ಸಿನ ತನಕ ಒಂದು ಮೊಟ್ಟೆ ಮುಟ್ಟದ ಕೈ. ಹೇಮಾ ಮಂಚದ ಕೆಳಗೆ ಮಲಗಿದ್ದಳು. ಹಳೆಯ ಮಗ್ಗಿನಲ್ಲಿ ಬಿಸಿನೀರು ಹಾಕಿ ಇಲಿಯನ್ನು ಮೆತ್ತಗೆ ಮಾಡಿದೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಇಕ್ಕಳದಲ್ಲಿ ಬಾಲ ಹಿಡಿದು ಮಡಕೆಯ ಬಾಯಿಗೆ ಒಯ್ದೆ. ಅದು ಮೂಗು ಹೊರಗಿಟ್ಟಿತು. ನಾಲಿಗೆ ಆಡಿಸಿತು. ಇಲಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿತು. ರೆಪ್ಪೆ ಇಲ್ಲದ ಕಣ್ಣು, ಎಷ್ಟು ಹೊತ್ತಾದರೂ ಮಿಟುಕುವುದಿಲ್ಲ. 'ಉಣ್ಣಲೇ, ಸಾಕು ನಿನ್ನ ಸೆಡವು' ಎಂದು ಮನಸ್ಸಿನಲ್ಲೇ ಅಂದೆ. ಬಾಯಿ ಬಿಟ್ಟು ಅಂದಿಲ್ಲ, ಇದನ್ನು ನೆನಪಿಟ್ಟುಕೋ. ಟಕ್ ಎಂದು ಹೊಡೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುತ್ತು ಹಾಕಿತ್ತು. ಆಮೇಲೆ ಅವಸರವಿಲ್ಲದೆ, ತಲೆಯ ಕಡೆಯಿಂದ ನುಂಗಿತು. ಬಾಲದ ತುದಿ ಒಳಗೆ ಹೋಗುತ್ತಿದ್ದಾಗ ಒಳಗಿನಿಂದ ಹೇಮಾಳ ದನಿ ಬಂತು:

'ಅತ್ತೆವ್ರ, ಹಸಿವಾಗೈತ್ರಿ. ಅನ್ನ ಹಾಕ್ರಿ.'

ಇಕ್ಕಳದ ಸದ್ದು ಕೇಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮನೆ ಸಣ್ಣದು, ಕೇಳಿಸಬಹುದು. ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿಕೊಂಡು, ಬಿಸಿ ಅನ್ನ ಸಾರು ಬಡಿಸಿದೆ. ಉಂಡಳು ಈಶ್ವರಾ. ಅಗಿಯಲಿಲ್ಲ, ದೊಡ್ಡ ದೊಡ್ಡ ತುತ್ತು ಹಾಗೇ ನುಂಗಿದಳು. ಉಂಡವಳೇ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು. ಸಂಜೆಗೆ ಕೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಈ ಬೆಳಿಗ್ಗೆ ಎರಡು ರೊಟ್ಟಿ ತಿಂದಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಾಳೆ.

ಬಿಸಿಲು ಏರಿತು, ಹಾವಿಗೆ ಹಸಿವಾಯಿತು, ಉಂಡಿತು. ಡಾಕ್ಟರರು ಹೇಳಿದ್ದು ಅದನ್ನೇ, ನಾನೂ ಅದನ್ನೇ ನಂಬುತ್ತೇನೆ. ಆದರೆ ಅದು ಮುಂದಿನ ಚಳಿಗೆ ಮತ್ತೆ ಉಣ್ಣುವುದಿಲ್ಲ. ಆಗ ಇವಳು ಉಳಿಯುವುದಿಲ್ಲ. ಆದ್ದರಿಂದ ಈ ಭಾನುವಾರ ಫೋನ್ ಮಾಡಿದಾಗ ಮೊದಲ ಮಾತು ಇದೇ ಆಗಬೇಕು: ನಾನು ಅವತ್ತು ಆಡಿದ್ದು ತಮಾಷೆಗೆ, ಹಾವು ಹಾವೇ, ನಾನು ನಾನೇ, ನೀನು ಉಣ್ಣು. ನಾಚಿಕೆಪಡಬೇಡ. ನೀನೇ ಕಟ್ಟಿದ ಗಂಟು, ನೀನೇ ಬಿಚ್ಚು. ಮತ್ತೆ, ನೀನು ಮೆಸ್ಸಿಗೆ ಹೋಗಿ ಎಲ್ಲರ ಜೊತೆ ಕೂತು ಉಣ್ಣಬೇಕು.

ಪಂಪಾಪತಿ ನಿನ್ನ ಹೊಟ್ಟೆ ತಂಪಾಗಿಡಲಿ. ಎರ್ರೆಮ್ಮ ನಿನ್ನ ಕ್ಷೇಮ ಕೇಳಿದ್ದಾಳೆ ಎಂದು ತಿಳಿ. ಕಣ್ಣಲ್ಲಿ ನೀರು ಬರುತ್ತಿದೆ, ನಿಲ್ಲಿಸುತ್ತೇನೆ.

ನಿನ್ನ ಅವ್ವ,
ಪಂಪಮ್ಮ

ತಾ.ಕ.: ಗುರುವಾರ ಬೆಳಿಗ್ಗೆ. ದುರುಗೇಶ್ ಹೊರಗೆ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ನಿನ್ನೆ ಸಂಜೆ ನಾನು ಹಿತ್ತಲಲ್ಲಿದ್ದಾಗ ಹೇಮಾ ಗುಂಡನ ಉಬ್ಬಿದ ಹೊಟ್ಟೆ ನೋಡಿದ ಸಂತೋಷಕ್ಕೆ ಅವನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಆಡಿಸಿದ್ದಾಳೆ. ಎರಡು ದಿನ ಮುಟ್ಟಬಾರದು ಎಂದು ಗೊತ್ತಿದ್ದೂ ಮುಟ್ಟಿದ್ದಾಳೆ. ಈಗ ಎದ್ದು ನೋಡಿದರೆ ಅದು ಉಂಡಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕಾರಿಕೊಂಡಿದೆ. ಅವಳು ಇನ್ನೂ ಎದ್ದಿಲ್ಲ. ನಾನು ಎಲ್ಲ ಬಳಿದು ಬಾಳೆಯ ಬುಡದಲ್ಲಿ ಹೂತು, ಪೆಟ್ಟಿಗೆ ತೊಳೆದು, ಏನೂ ಆಗದ ಹಾಗೆ ಇಟ್ಟಿದ್ದೇನೆ. ಅವಳಿಗೆ ಹೇಳುವುದಿಲ್ಲ. ಇದನ್ನು ಬರೆಯುತ್ತಿರುವಾಗ ಅವಳು ಒಳಗೆ ಎದ್ದ ಸದ್ದಾಯಿತು, ಬಚ್ಚಲಿಗೆ ಓಡಿದಳು, ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಬಹಳ ದಿನ ಖಾಲಿ ಇದ್ದ ಹೊಟ್ಟೆಗೆ ಅನ್ನ ಹೆಚ್ಚಾಯಿತು, ಅಷ್ಟೇ ಇರಬೇಕು. ನೀನು ನನಗೆ ಎರಡೇ ಮಾತು ಹೇಳು. ಮಂಗಳವಾರ ಮಧ್ಯಾಹ್ನ ನೀನು ಉಂಡೆಯೋ ಇಲ್ಲವೋ. ಗುರುವಾರ ಬೆಳಿಗ್ಗೆ ನಿನ್ನ ಹೊಟ್ಟೆಯಲ್ಲಿ ಉಂಡದ್ದು ನಿಂತಿತೋ ಇಲ್ಲವೋ. ಇದನ್ನು ಹೇಳಲು ಎರ್ರೆಮ್ಮನ ಫೋನಿಗೆ ಮಾಡು, ಹೇಮಾಳಿಗೆ ಮಾಡಬೇಡ. ಸುಳ್ಳು ಹೇಳಬೇಡ. ಮಾರ್ಚ್ ಐದರೊಳಗೆ ನನಗೆ ಉತ್ತರ ಬರಬೇಕು.